ಕೋಡ್ ತುಣುಕು ಕೂಡಿಟ್ಕೊಳ್ಳೋದು ಕಾಪಿ ಹೊಡೆಯೋದಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪತ್ರದಲ್ಲಿ ನಿವೃತ್ತ ಉಪನ್ಯಾಸಕರೊಬ್ರು ಬರೆದಿದ್ದು ಓದಿದೆ. ಈಗಿನ ಹುಡುಗರಿಗೆ ಪ್ರೋಗ್ರಾಂ ಬರೆಯೋಕೆ ಬರಲ್ಲ, ಎಲ್ಲಿಂದಲೋ ತಂದು ಅಂಟಿಸ್ತಾರೆ, ತಾವೇ ಹಿಂದೆ ಬರೆದಿದ್ದನ್ನೂ ಮತ್ತೆ ಮತ್ತೆ ಕಾಪಿ ಮಾಡ್ಕೊಂಡು ದಿನ ತಳ್ತಾರೆ ಅಂತ. ಅರ್ಧ ಒಪ್ತೀನಿ ಸರ್, ಇನ್ನರ್ಧಕ್ಕೆ ಮಾತ್ರ ಹೊಟ್ಟೆ ಉರೀತು, ಯಾಕಂದ್ರೆ ನಾನು ಹದಿನೈದು ವರ್ಷದಿಂದ ಅದೇ ಕೆಲಸ ಮಾಡ್ಕೊಂಡು ಅನ್ನ ತಿಂತಿದೀನಿ. ಶಿವಮೊಗ್ಗದಲ್ಲಿ ಇದೀನಿ, ದೊಡ್ಡ ಕಂಪನಿ ಏನಲ್ಲ, ನಾನು ಮತ್ತೆ ಇಬ್ರು ಹುಡುಗ್ರು ಸೇರಿ ಅಡಿಕೆ ಮಂಡಿಗಳಿಗೆ, ಗೊಬ್ಬರದ ಅಂಗಡಿಗಳಿಗೆ, ಒಂದೆರಡು ಸೊಸೈಟಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡ್ತೀವಿ. ನನ್ನ ಕಂಪ್ಯೂಟರಲ್ಲಿ ಒಂದು ಫೋಲ್ಡರ್ ಇದೆ, ಹೆಸರು 'ಡಬ್ಬಿ', ಅದರಲ್ಲಿ ನೂರಾರು ಸಣ್ಣ ಸಣ್ಣ ಕೋಡ್ ತುಣುಕುಗಳಿವೆ, ಅಂದ್ರೆ ಒಂದೊಂದು ಸಣ್ಣ ಕೆಲಸ ಮಾಡೋ ಪ್ರೋಗ್ರಾಂನ ಕೆಲವೇ ಸಾಲುಗಳು. ಅದಿಲ್ದೆ ಇದ್ರೆ ನಾನು ಒಂದು ವಾರದ ಕೆಲಸಕ್ಕೆ ಒಂದು ತಿಂಗಳು ತಗೋತಿದ್ದೆ.

ಮನೇಲಿ ಅಮ್ಮ ಸಾರಿನ ಪುಡಿ ವರ್ಷಕ್ಕೆ ಮೂರೋ ನಾಕೋ ಸಲ ಮಾಡ್ತಾರೆ. ದಿನಾ ಬೆಳಗ್ಗೆ ಎದ್ದು ಧನಿಯಾ ಹುರಿದು ಮೆಣಸಿನಕಾಯಿ ಹುರಿದು ಕುಟ್ಟಲ್ಲ, ಡಬ್ಬಿಯಿಂದ ಎರಡು ಚಮಚ ಹಾಕ್ತಾರೆ ಅಷ್ಟೆ, ಅದಕ್ಕೆ ಯಾರೂ ಅಮ್ಮನಿಗೆ ಅಡುಗೆ ಬರಲ್ಲ ಅನ್ನಲ್ಲ. ಕೋಡ್ ವಿಷ್ಯಕ್ಕೆ ಬಂದಾಗ ಮಾತ್ರ ಅದೇ ಬುದ್ಧಿವಂತಿಕೆ ಕಳ್ಳತನ ಆಗಿಬಿಡುತ್ತೆ.

ಇನ್ನು ಇದು ಈಗಿನ ಹುಡುಗರ ಚಟ ಅನ್ನೋದಂತೂ ಸುಳ್ಳು. ಇಂಗ್ಲೆಂಡಿನ ಕೇಂಬ್ರಿಜ್ ಯೂನಿವರ್ಸಿಟಿಲಿ ಎಡ್ಸ್ಯಾಕ್ ಅನ್ನೋ ಕಂಪ್ಯೂಟರ್ 1949ರ ಮೇ ತಿಂಗಳಲ್ಲಿ ಮೊದಲ ಸಲ ಓಡಿತು, ಮಾರಿಸ್ ವಿಲ್ಕ್ಸ್ ಅವರ ತಂಡ ಕಟ್ಟಿದ್ದು. ಅದಕ್ಕೆ ಪ್ರೋಗ್ರಾಂ ಕೊಡೋದು ತೂತು ಹೊಡೆದ ಕಾಗದದ ಪಟ್ಟಿ ಮೂಲಕ. ಸ್ವಲ್ಪ ದಿನದಲ್ಲೇ ಅವರಿಗೆ ಗೊತ್ತಾಗಿದ್ದೇನು ಅಂದ್ರೆ ವರ್ಗಮೂಲ, ಸೈನ್ ಕೊಸೈನ್, ಉತ್ತರ ಪ್ರಿಂಟ್ ಮಾಡೋದು ಇವೆಲ್ಲ ಎಲ್ಲರಿಗೂ ಬೇಕು, ಪ್ರತಿಯೊಬ್ಬನೂ ಅದನ್ನೇ ಮತ್ತೆ ಬರೆದು ಅದೇ ತಪ್ಪು ಮತ್ತೆ ಮಾಡ್ತಾನೆ. ಅದಕ್ಕೆ ಒಂದು ಸಲ ಸರಿಯಾಗಿ ಬರೆದು ಪರೀಕ್ಷೆ ಮಾಡಿದ ಪಟ್ಟಿಗಳನ್ನ ಕಬೋರ್ಡಲ್ಲಿ ಜೋಡಿಸಿಟ್ರು, ಬೇಕಾದವರು ತಮ್ಮ ಪ್ರೋಗ್ರಾಂ ಪಟ್ಟಿಗೆ ಅದನ್ನ ಕಾಪಿ ಮಾಡ್ಕೊಳ್ಳೋದು. 1951ರ ಹೊತ್ತಿಗೆ ಹಂಗೆ 87 ತುಣುಕು ಸೇರಿದ್ವು. ಡೇವಿಡ್ ವೀಲರ್ ಅನ್ನೋ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಹುಡುಗ, ಈ ತುಣುಕಿಗೆ ಹೋಗಿ ಕೆಲಸ ಮುಗಿಸ್ಕೊಂಡು ಹೊರಟ ಜಾಗಕ್ಕೆ ವಾಪಸ್ ಬರೋದು ಹೆಂಗೆ ಅಂತ ಉಪಾಯ ಕಂಡುಹಿಡಿದ, ಇವತ್ತಿಗೂ ಅದಕ್ಕೆ ವೀಲರ್ ಜಂಪ್ ಅಂತಾರೆ. ಅಂದ್ರೆ ಆ ಕಂಪ್ಯೂಟರ್ ಹುಟ್ಟಿ ಎರಡು ವರ್ಷ ಆಗೋಷ್ಟರಲ್ಲಿ ಡಬ್ಬಿ ತಯಾರಾಗಿತ್ತು. ಆ ಪುಣ್ಯಾತ್ಮರನ್ನ ಯಾರೂ ಸೋಮಾರಿಗಳು ಅನ್ನಲಿಲ್ಲ.

ನಮ್ಮ ಕಾಲೇಜಲ್ಲಿ ನಡೆದಿದ್ದು ಬೇರೆ. ಸಿ ಭಾಷೇಲಿ ಪ್ರೋಗ್ರಾಂ ಬರೆಯೋ ಟರ್ಬೊ ಸಿ ಅನ್ನೋ ಹಳೇ ಸಾಫ್ಟ್‌ವೇರಿನ ನೀಲಿ ಸ್ಕ್ರೀನು, ಹನ್ನೆರಡೋ ಹದಿನಾಲ್ಕೋ ಲ್ಯಾಬ್ ಪ್ರೋಗ್ರಾಂ, ಸೀನಿಯರ್ ರೆಕಾರ್ಡ್ ನೋಡ್ಕೊಂಡು ನಮ್ಮ ರೆಕಾರ್ಡ್ ಬರೆಯೋದು, ಪರೀಕ್ಷೆಲಿ ಚೀಟಿ ಎತ್ತೋದು, ಬೈಹಾರ್ಟ್ ಮಾಡಿದ್ದು ಬಂದ್ರೆ ದೇವರಿಗೆ ಕಾಯಿ ಒಡೆಯೋದು. ಕೈಯಲ್ಲಿ ಬರೆದ್ರೆ ಅದು ಕಲಿಕೆ, ಫೈಲಲ್ಲಿ ಇಟ್ಕೊಂಡ್ರೆ ಕಾಪಿ ಅನ್ನೋ ಲೆಕ್ಕ ನಂಗೆ ಆಗ್ಲೂ ಅರ್ಥ ಆಗಿರ್ಲಿಲ್ಲ ಈಗ್ಲೂ ಇಲ್ಲ. ಫ್ಯಾಕ್ಟೋರಿಯಲ್ ಪ್ರೋಗ್ರಾಂ ನೆನಪಿದೆಯಾ ಯಾರಿಗಾದ್ರೂ, 1ರಿಂದ ಕೊಟ್ಟ ಸಂಖ್ಯೆವರೆಗೆ ಎಲ್ಲ ಗುಣಿಸೋದು, 7 ಕೊಟ್ರೆ 5040 ಅಂತ ಸರಿಯಾಗಿ ಬರ್ತಿತ್ತು, 8 ಕೊಟ್ರೆ ಮೈನಸ್ 25216 ಬರ್ತಿತ್ತು. ಬರಬೇಕಾಗಿದ್ದು 40320. ಮೇಡಂ ಕೇಳಿದ್ರೆ 7ರ ಒಳಗೇ ಕೊಡ್ರೋ ಅಂದ್ರು. ಟರ್ಬೊ ಸಿಲಿ ಇಂಟ್ ಅನ್ನೋ ಪೂರ್ಣಸಂಖ್ಯೆ ಪಾತ್ರೆಗೆ 16 ಬಿಟ್, ಅಂದ್ರೆ ಹದಿನಾರು ಸೊನ್ನೆ-ಒಂದುಗಳ ಜಾಗ ಅಷ್ಟೆ, ಅದರಲ್ಲಿ 32,767ಕ್ಕಿಂತ ದೊಡ್ಡದು ಹಿಡಿಸಲ್ಲ, ಮೇಲೆ ಹೋದ್ರೆ ಚೆಲ್ಲಿ ಮೈನಸ್ ಕಡೆಗೆ ಹೋಗುತ್ತೆ ಅಂತ ನಂಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಆ ಪ್ರೋಗ್ರಾಂನ ನಾನು ಮೂರು ಸಲ ಕೈಯಲ್ಲಿ ಬರೆದಿದ್ದೆ, ರೆಕಾರ್ಡಲ್ಲಿ, ಇಂಟರ್ನಲ್ಸಲ್ಲಿ, ಪರೀಕ್ಷೆಲಿ. ಬರೆದಿದ್ದರಿಂದ ಏನು ಉಪಯೋಗ ಆಯ್ತು ಹೇಳಿ.

ಈ 32,767 ನೆನಪಲ್ಲಿಟ್ಕೊಳ್ಳಿ, ಆಮೇಲೆ ಮತ್ತೆ ಬರುತ್ತೆ.

ಡಬ್ಬಿಲಿ ಏನೇನಿದೆ ಅಂತ ಹೇಳ್ತೀನಿ, ಆಗ ನಿಮ್ಮ ಉಪನ್ಯಾಸಕರಿಗೂ ಸ್ವಲ್ಪ ಸಮಾಧಾನ ಆಗಬಹುದು. ಪಿನ್ ಕೋಡ್ ಸರಿ ಇದೆಯಾ ನೋಡೋದು, ಆರು ಅಂಕಿ ಇರಬೇಕು ಮೊದಲನೇದು ಸೊನ್ನೆ ಇರಬಾರದು. ಮೊಬೈಲ್ ನಂಬರ್ ಹತ್ತಂಕಿ, ಶುರುವಾಗೋದು 6ರಿಂದ 9ರ ಒಳಗೆ. ಪ್ಯಾನ್ ನಂಬರಲ್ಲಿ ಐದು ಅಕ್ಷರ ನಾಕು ಅಂಕಿ ಮತ್ತೆ ಒಂದಕ್ಷರ, ಅದರಲ್ಲೂ ನಾಕನೇ ಅಕ್ಷರ ನೋಡಿದ್ರೆ ಇದು ವ್ಯಕ್ತಿದಾ ಕಂಪನಿದಾ ಅಂತ ಗೊತ್ತಾಗುತ್ತೆ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಲ್ಲಿ ಹನ್ನೊಂದು ಸ್ಥಾನ, ಐದನೇದು ಯಾವಾಗ್ಲೂ ಸೊನ್ನೆ, ಜನ ಅಲ್ಲಿ ಇಂಗ್ಲಿಷ್ ಓ ಅಕ್ಷರ ಟೈಪ್ ಮಾಡಿ ದುಡ್ಡು ಹೋಗಿಲ್ಲ ಅಂತ ಫೋನ್ ಮಾಡ್ತಾರೆ. ಆಧಾರ್ ಹನ್ನೆರಡಂಕಿಲಿ ಕೊನೇದು ವೆರ್‌ಹೂಫ್ ಅನ್ನೋ ಲೆಕ್ಕದ ಪ್ರಕಾರ ಬರೋ ತಾಳೆ ಅಂಕಿ, ಒಂದಂಕಿ ತಪ್ಪಾದ್ರೂ ಎರಡು ಅಕ್ಕಪಕ್ಕದ ಅಂಕಿ ಹಿಂದುಮುಂದಾದ್ರೂ ಸಿಕ್ಕಿಬೀಳುತ್ತೆ. ಇದನ್ನೆಲ್ಲ ಒಂದೇ ಸಲ ಕೂತು ಸರಿಯಾಗಿ ಬರೆದು ಹತ್ತಿಪ್ಪತ್ತು ಉದಾಹರಣೆ ಹಾಕಿ ನೋಡಿ ಇಟ್ಟಿದೀನಿ. ಹೊಸ ಅಂಗಡಿ ಕೆಲಸ ಬಂದ್ರೆ ಅಲ್ಲಿಂದ ತೆಗೆಯೋದು. ಇದರಲ್ಲಿ ಮತ್ತೆ ಮತ್ತೆ ಮಿದುಳು ಬಳಸೋಕೆ ಏನಿದೆ?

ಹಣಕಾಸು ವರ್ಷದ್ದು ಒಂದು ತುಣುಕಿದೆ, ಅದು ನನಗೆ ಬಹಳ ಪ್ರೀತಿದು. ಏಪ್ರಿಲ್ 1ಕ್ಕೆ ಬಿಲ್ ನಂಬರ್ ಮತ್ತೆ ಒಂದರಿಂದ ಶುರು ಆಗಬೇಕು, ಹಾಗಾಗಿ ತಿಂಗಳು 4ಕ್ಕಿಂತ ಕಮ್ಮಿ ಇದ್ರೆ ಹಿಂದಿನ ವರ್ಷ ಅಂತ ತಗೋಬೇಕು, ಸುಲಭ. ಆದ್ರೆ ಜಾವಾಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಂ ಭಾಷೇಲಿ ಜನವರಿ ಅಂದ್ರೆ 0, ಫೆಬ್ರವರಿ 1, ಹಂಗಾಗಿ ಏಪ್ರಿಲ್ 3 ಆಗುತ್ತೆ. ಯಾರು ಹಿಂಗೆ ಮಾಡಿದ್ರೋ ಅವರಿಗೆ ಒಂದು ಮಂಡಿ ಬಿಲ್ಲು ಮಾಡೋ ಶಿಕ್ಷೆ ಕೊಡಬೇಕು. ಗೊತ್ತಿಲ್ದೆ 4 ಅಂತ ಬರೆದ್ರೆ ಏಪ್ರಿಲ್ ಪೂರ್ತಿ ಹಳೇ ವರ್ಷದ ನಂಬರಲ್ಲೇ ಬಿಲ್ ಬರುತ್ತೆ. ಹನ್ನೊಂದು ತಿಂಗಳು ಎಲ್ಲ ಸರಿ, ಒಂದು ತಿಂಗಳು ಮಾತ್ರ ತಪ್ಪು, ಅಂಥದನ್ನ ಹಿಡಿಯೋದು ಕಷ್ಟ. ಒಂದು ಸಲ ಸುಟ್ಕೊಂಡು ಬುದ್ಧಿ ಕಲಿತು ಆ ಬುದ್ಧಿನ ತುಣುಕೊಳಗೆ ಇಟ್ಟಿದೀನಿ, ಈಗ ನನ್ನ ಹುಡುಗ್ರು ಸುಟ್ಕೊಳ್ಳೋದು ಬೇಕಾಗಿಲ್ಲ.

ಇಡೋದು ಹೆಂಗೆ ಅಂತ ಕೇಳ್ತಾರೆ ಕೆಲವರು. ಪ್ರೋಗ್ರಾಂ ಬರೆಯೋಕೆ ವಿಎಸ್ ಕೋಡ್ ಅನ್ನೋ ಸಾಫ್ಟ್‌ವೇರ್ ಉಪಯೋಗಿಸ್ತೀರಾದ್ರೆ ಅದರಲ್ಲೇ ಸ್ನಿಪೆಟ್ಸ್ ಅಂತ ಇದೆ, ಒಂದು ಫೈಲ್ ತೆರೆಯುತ್ತೆ, ತುಣುಕಿಗೆ ಒಂದು ಅಡ್ಡಹೆಸರು ಕೊಡೋದು, ಕೆಳಗೆ ಕೋಡ್ ಹಾಕೋದು, ಎಲ್ಲಿ ಬದಲಾಗಬೇಕೋ ಅಲ್ಲಿ ಡಾಲರ್ ಚಿಹ್ನೆ ಜೊತೆ 1, 2 ಅಂತ ನಂಬರ್ ಹಾಕೋದು. ಆಮೇಲೆ ಅಡ್ಡಹೆಸರು ಟೈಪ್ ಮಾಡಿ ಟ್ಯಾಬ್ ಒತ್ತಿದ್ರೆ ಇಡೀ ತುಣುಕು ಬಂದು ಕೂರುತ್ತೆ, ಮತ್ತೆ ಟ್ಯಾಬ್ ಒತ್ತಿದ ಹಾಗೆಲ್ಲ ಕರ್ಸರ್ ಒಂದೊಂದೇ ಖಾಲಿ ಜಾಗಕ್ಕೆ ಹೋಗುತ್ತೆ. ವೆಬ್ ಪೇಜ್ ಮಾಡೋರಿಗೆ ಇದು ಗೊತ್ತಿರುತ್ತೆ, ಆಶ್ಚರ್ಯಸೂಚಕ ಹಾಕಿ ಟ್ಯಾಬ್ ಹೊಡೆದ್ರೆ ಪುಟದ ಅಸ್ಥಿಪಂಜರ ಪೂರ್ತಿ ಬರುತ್ತಲ್ಲ, ಎಮ್ಮೆಟ್ ಅಂತ ಅದು, ಹೆಸರು ಕೇಳಿ ನಮ್ಮ ಹುಡುಗ 'ಎಮ್ಮೆ'ಟ್ಟು ಅಂತ ನಕ್ಕಿದ್ದ. ಇದೇನೂ ದೊಡ್ಡ ವಿದ್ಯೆ ಅಲ್ಲ, ಹತ್ತು ನಿಮಿಷದಲ್ಲಿ ಕಲೀಬಹುದು, ಇದರ ಬಗ್ಗೆ ಜಾಸ್ತಿ ಬರೆಯಲ್ಲ. ಒಂದೇ ಎಚ್ಚರ, ತುಣುಕಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇಟ್ಟು ಎಲ್ಲರಿಗೂ ಕಾಣೋ ಜಾಗದಲ್ಲಿ ಹಾಕಬೇಡಿ, ಹಾಕೋರಿದಾರೆ.

ಈಗ ನಿಮ್ಮ ಉಪನ್ಯಾಸಕರ ಪತ್ರದಲ್ಲಿ ನಾನು ಒಪ್ಪೋ ಅರ್ಧಕ್ಕೆ ಬರ್ತೀನಿ. ತುಣುಕು ತರೋವಾಗ ಅದು ಹುಟ್ಟಿದ ಊರು ಕೂಡ ಜೊತೇಲೇ ಬರುತ್ತೆ, ಅದನ್ನ ನೋಡದೆ ಅಂಟಿಸಿದ್ರೆ ಎಲ್ಲಿ ಕೈ ಕೊಡುತ್ತೆ ಅಂತ ಹೇಳೋಕಾಗಲ್ಲ. ಅಮೆರಿಕದವನು ಬರೆದ ಅಲ್ಪವಿರಾಮ ಹಾಕೋ ತುಣುಕು ತಂದು ನಮ್ಮ ಮಂಡಿ ಬಿಲ್ಲಿಗೆ ಹಾಕಿದ್ರೆ 12,34,567 ಬರಬೇಕಾದ ಕಡೆ 1,234,567 ಅಂತ ಬರುತ್ತೆ. ಲೆಕ್ಕ ತಪ್ಪಲ್ಲ ನಿಜ, ಆದ್ರೆ ತೋಟದ ಯಜಮಾನ್ರು ಬಿಲ್ ಹಿಡ್ಕೊಂಡು ಕನ್ನಡಕ ಏರಿಸಿ ಇಳಿಸಿ ಇದೆಷ್ಟು ಮಾರಾಯ ಲಕ್ಷಾನಾ ಹತ್ತು ಲಕ್ಷಾನಾ ಅಂತ ಕೇಳ್ತಾರೆ, ಅವರ ಒಂದು ವರ್ಷದ ರಾಶಿ ಅಡಿಕೆ ದುಡ್ಡು ಅದು.

ಕನ್ನಡಕ್ಕೆ ಬಂದ್ರಂತೂ ಕೇಳಲೇಬೇಡಿ. ಇಂಗ್ಲಿಷಿಗೆ ಅಂತ ಬರೆದ ತುಣುಕು ಕನ್ನಡದ ಮೇಲೆ ಓಡಿಸಿದ್ರೆ ಏನಾಗುತ್ತೆ ಅಂತ ಪ್ರತಿ ಕಾಲೇಜಲ್ಲೂ ಒಂದು ಕ್ಲಾಸ್ ಮಾಡಬೇಕು. ನಾವು ಮೂಟೆ ಮೇಲೆ ಅಂಟಿಸೋ ಚೀಟಿಗೆ ರೈತರ ಹೆಸರು ಪ್ರಿಂಟ್ ಮಾಡ್ತಿದ್ವಿ, ಚೀಟಿ ಚಿಕ್ಕದು, ಹೆಸರು ಉದ್ದ ಆದ್ರೆ 11 ಅಕ್ಷರಕ್ಕೆ ಕತ್ತರಿಸು ಅಂತ ಒಂದು ಸಾದಾ ತುಣುಕು ಹಾಕಿದ್ದೆ. ಚಂದ್ರಶೇಖರಪ್ಪ ಅನ್ನೋದು ನಮ್ಮ ಕಣ್ಣಿಗೆ ಆರೇ ಅಕ್ಷರ, ಚಂ ದ್ರ ಶೇ ಖ ರ ಪ್ಪ. ಕಂಪ್ಯೂಟರ್ ಲೆಕ್ಕದಲ್ಲಿ ಹನ್ನೆರಡು, ಯಾಕಂದ್ರೆ ಸೊನ್ನೆ, ಏತ್ವ, ಎರಡು ಅರ್ಧಾಕ್ಷರದ ಚಿಹ್ನೆ ಎಲ್ಲ ಬೇರೆ ಬೇರೆ ಎಣಿಸುತ್ತೆ. ಹನ್ನೊಂದಕ್ಕೆ ಕತ್ತರಿಸಿದ್ರೆ ಏನು ಉಳೀತು, ಚಂದ್ರಶೇಖರಪ್! ಆ ಯಜಮಾನ್ರು ಬಂದು ನನ್ನ ಬಾಲ ಯಾಕಪ್ಪ ಕತ್ತರಿಸಿದ್ರಿ ಅಂದ್ರು. ಅದೇ ಥರ ಪದ ತಿರುಗಿಸೋ ಲ್ಯಾಬ್ ಪ್ರೋಗ್ರಾಂಗೆ ಮೈಸೂರು ಅಂತ ಕೊಟ್ಟು ನೋಡಿ, ಕೊನೇ ಕೊಂಬು ಮೊದಲಿಗೆ ಬಂದು ಹಿಡಿಯೋಕೆ ಅಕ್ಷರನೇ ಇಲ್ದೆ ಗಾಳೀಲಿ ತೂಗಾಡುತ್ತೆ, ಬೇರೆ ಗುಣಿತಗಳು ಪಕ್ಕದ ಮನೆಗೆ ಹೋಗಿ ಸೇರ್ಕೊಳ್ಳುತ್ತೆ.

ಮೊತ್ತನ ಅಕ್ಷರದಲ್ಲಿ ಬರೆಯೋದು ಇನ್ನೊಂದು ರಾಮಾಯಣ. ಇಂಗ್ಲಿಷ್ ತುಣುಕಿನ ಉಪಾಯ ಏನು, ಅಂಕಿ ತಗೋ, ಪಕ್ಕದಲ್ಲಿ ಹಂಡ್ರೆಡ್ ಹಾಕು, ಥೌಸಂಡ್ ಹಾಕು, ಮುಗೀತು. ನಾನೂ ಅದನ್ನೇ ತಂದು ಪದ ಮಾತ್ರ ಕನ್ನಡ ಮಾಡಿದೆ. 1,25,500ಕ್ಕೆ 'ಒಂದು ಲಕ್ಷ ಇಪ್ಪತ್ತೈದು ಸಾವಿರ ಐದು ನೂರು' ಅಂತ ಬಂತು. ಯಾವ ಕನ್ನಡದವನು ಐದು ನೂರು ಅಂತಾನೆ ಸ್ವಾಮಿ? ಐನೂರು. ಎರಡು ನೂರು ಅಲ್ಲ ಇನ್ನೂರು, ಮೂರು ನೂರು ಅಲ್ಲ ಮುನ್ನೂರು, ನಾಕಕ್ಕೆ ನಾನೂರು, ಒಂಬತ್ತಕ್ಕೆ ಒಂಬೈನೂರು. ಸಾಲದ್ದಕ್ಕೆ ಮುಂದೆ ಇನ್ನೂ ಸಂಖ್ಯೆ ಇದ್ರೆ ಲಕ್ಷ ಹೋಗಿ ಲಕ್ಷದ ಆಗಬೇಕು, ಸಾವಿರ ಸಾವಿರದ ಆಗಬೇಕು, ಇನ್ನೂರು ಇನ್ನೂರ ಆಗಬೇಕು, ಮುಂದೆ ಏನೂ ಇಲ್ದಿದ್ರೆ ಆಗಬಾರದು. ಒಂದು ಲಕ್ಷದ ಇಪ್ಪತ್ತೈದು ಸಾವಿರದ ಐನೂರು. ಇದನ್ನ ಸರಿ ಮಾಡೋಕೆ ಎರಡು ದಿನ ಹಿಡೀತು, ಅಮ್ಮನ ಹತ್ರ ಸಂಖ್ಯೆ ಹೇಳಿ ಓದಿಸಿ ತಾಳೆ ನೋಡಿದೆ. ಈಗ ಆ ತುಣುಕು ನನ್ನ ಡಬ್ಬಿಯ ಆಸ್ತಿ. ಆ ಎರಡು ದಿನ ಪ್ರತಿ ಗಿರಾಕಿಗೂ ಮತ್ತೆ ಕಳೀಬೇಕಾ ನಾನು?

ನನ್ನ ದೊಡ್ಡ ತಪ್ಪಿನ ಕಥೆ ಮಾತ್ರ ಬೇರೆ. ದುಡ್ಡು ರೌಂಡ್ ಮಾಡೋಕೆ ಎಲ್ಲ ಕಡೆ ಓಡಾಡೋ ಒಂದು ತುಣುಕಿದೆ, 100ರಿಂದ ಗುಣಿಸು, ರೌಂಡ್ ಮಾಡು, 100ರಿಂದ ಭಾಗಿಸು. ನೋಡೋಕೆ ಅದರಲ್ಲಿ ತಪ್ಪೇನೂ ಕಾಣಲ್ಲ. 1.005 ಕೊಟ್ಟು ನೋಡಿ, 1.01 ಬರಬೇಕು, 1 ಬರುತ್ತೆ. ಕಂಪ್ಯೂಟರಿಗೆ ದಶಮಾಂಶ ಸರಿಯಾಗಿ ಹಿಡಿಯೋಕಾಗಲ್ಲ, ಅದು ಎರಡರ ಲೆಕ್ಕದಲ್ಲಿ ಇಟ್ಕೊಳ್ಳೋದು, 0.1ಕ್ಕೆ 0.2 ಕೂಡಿಸಿದ್ರೆ 0.30000000000000004 ಅನ್ನೋ ಪ್ರಾಣಿ ಅದು. 1.005ನ 100ರಿಂದ ಗುಣಿಸಿದ್ರೆ 100.5 ಬರಲ್ಲ, 100.49999 ಅಂತ ಕೂದಲೆಳೆ ಕಮ್ಮಿ ಬರುತ್ತೆ, ಕೆಳಕ್ಕೆ ರೌಂಡ್ ಆಗುತ್ತೆ. ಇದು ಗೊತ್ತಿಲ್ದೆ ಆ ತುಣುಕನ್ನ ಒಂದು ಮಂಡಿ ಸಾಫ್ಟ್‌ವೇರಲ್ಲಿ ಒಂಬತ್ತು ಕಡೆ ಅಂಟಿಸಿದ್ದೆ, ತೂಕದ ಬಿಲ್ಲಲ್ಲಿ, ಕಮಿಷನ್ನಲ್ಲಿ, ಹಮಾಲಿ ಲೆಕ್ಕದಲ್ಲಿ, ಹಿಂಗೆ.

ಆ ಮಂಡಿಲಿ ಲೆಕ್ಕ ಬರೆಯೋ ವಯಸ್ಸಾದವರೊಬ್ರಿದ್ರು, ಎಲ್ರೂ ಶಾನುಭೋಗ್ರೇ ಅಂತ ಕರೀತಿದ್ರು. ಕಂಪ್ಯೂಟರ್ ಬಂದ ಮೇಲೂ ಕೆಂಪು ಬಟ್ಟೆ ಹೊದಿಕೆಯ ಖಾತೆ ಪುಸ್ತಕ ಬಿಟ್ಟಿರ್ಲಿಲ್ಲ. ತಿಂಗಳ ಕೊನೆಗೆ ನನ್ನ ಕರೆಸಿ ನಿಧಾನಕ್ಕೆ ಹೇಳಿದ್ರು, ಒಂದು ಪೈಸೆ ಬರ್ತಿಲ್ಲ ಕಣಪ್ಪ. ನಾನು ನಕ್ಕು, ಬಿಡಿ ಶಾನುಭೋಗ್ರೇ ಒಂದು ಪೈಸೆ ಈಗ ಎಲ್ಲಿ ಸಿಗುತ್ತೆ ಅಂದೆ. ಅವರು ನಗಲಿಲ್ಲ. ಪೈಸೆ ಹೋಗಲಿ, ಅದು ಯಾಕೆ ಹೋಯ್ತು ಅಂತ ಗೊತ್ತಿಲ್ದೆ ನಾನು ಕೆಳಗೆ ಗೆರೆ ಎಳೆಯೋದು ಹೆಂಗೆ ಅಂದ್ರು. ನಾಚಿಕೆ ಆಯ್ತು. ರಾತ್ರಿ ಕೂತು ಹುಡುಕಿ ಎಲ್ಲ ಕಡೆ ದುಡ್ಡನ್ನ ಪೈಸೆಯ ಪೂರ್ಣಸಂಖ್ಯೆ ಮಾಡಿ ಇಟ್ಕೊಳ್ಳೋ ಹಾಗೆ ಬದಲಾಯಿಸಿದೆ, ರೂಪಾಯಿ ಅನ್ನೋದು ತೋರಿಸೋವಾಗ ಮಾತ್ರ. ಬೆಳಗ್ಗೆ ಖುಷಿಯಾಗಿ ಹೋಗಿ ಕೊಟ್ಟೆ. ಮುಂದಿನ ತಿಂಗಳು ಮತ್ತೆ ಫೋನು, ಈ ಸಲ ಎರಡು ಪೈಸೆ. ಒಂಬತ್ತರಲ್ಲಿ ಎಂಟು ಕಡೆ ಸರಿ ಮಾಡಿದ್ದೆ. ಒಂಬತ್ತನೇದು ತಿಂಗಳ ವರದಿಲಿತ್ತು, ಅಲ್ಲಿ ಅಂಟಿಸೋವಾಗ ವೇರಿಯಬಲ್, ಅಂದ್ರೆ ಮೊತ್ತ ಇಟ್ಟ ಜಾಗದ ಹೆಸರು ಬದಲಾಯಿಸಿಬಿಟ್ಟಿದ್ದೆ ಹಾಗಾಗಿ ಹುಡುಕಿದಾಗ ಸಿಕ್ಕಿರಲಿಲ್ಲ.

ಅವತ್ತಿಂದ ನಮ್ಮಲ್ಲಿ ಒಂದು ನಿಯಮ, ಒಂದೇ ತುಣುಕು ಒಂದೇ ಸಾಫ್ಟ್‌ವೇರಲ್ಲಿ ಮೂರನೇ ಸಲ ಅಂಟಿಸೋ ಸಂದರ್ಭ ಬಂದ್ರೆ ಅಂಟಿಸಬಾರದು, ಅದನ್ನ ಫಂಕ್ಷನ್ ಮಾಡಿ ಒಂದು ಕಡೆ ಇಟ್ಟು ಮೂರೂ ಕಡೆಯಿಂದ ಕರೀಬೇಕು. ಇದು ನಾನು ಕಂಡುಹಿಡಿದಿದ್ದಲ್ಲ, ಈ ಕೆಲಸದವರು ರೂಲ್ ಆಫ್ ತ್ರೀ ಅಂತ ಬಹಳ ಕಾಲದಿಂದ ಹೇಳ್ತಾರೆ, ನಾನು ಕೇಳಿರಲಿಲ್ಲ ಅಷ್ಟೆ. ತುಣುಕು ಅಂದ್ರೆ ಬಾವಿಯಿಂದ ಬಿಂದಿಗೆಲಿ ನೀರು ತಂದ ಹಾಗೆ, ತಂದ ಮೇಲೆ ಬಾವಿಗೂ ಬಿಂದಿಗೆಗೂ ಸಂಬಂಧ ಇಲ್ಲ. ಬಾವಿ ಶುದ್ಧ ಮಾಡಿದ್ರೂ ಮೊದಲೇ ತಂದಿಟ್ಟ ಬಿಂದಿಗೆ ನೀರು ಶುದ್ಧ ಆಗಲ್ಲ.

ಇದು ನಮ್ಮಂಥ ಸಣ್ಣವರ ಕಥೆ ಮಾತ್ರ ಅಂದ್ಕೋಬೇಡಿ. ಸ್ಟ್ಯಾಕ್ ಓವರ್‌ಫ್ಲೋ ಅಂತ ಪ್ರೋಗ್ರಾಂ ಬರೆಯೋರು ಪ್ರಶ್ನೆ ಕೇಳಿ ಉತ್ತರ ಕೊಡೋ ಒಂದು ವೆಬ್‌ಸೈಟ್ ಇದೆ, 2010ರಲ್ಲಿ ಅಲ್ಲಿ ಒಬ್ಬ ಇಂಜಿನಿಯರ್ ಫೈಲ್ ಸೈಜನ್ನ ಕಿಲೋಬೈಟ್ ಮೆಗಾಬೈಟ್ ಅಂತ ತೋರಿಸೋ ತುಣುಕೊಂದನ್ನ ಜಾವಾ ಅನ್ನೋ ಭಾಷೇಲಿ ಬರೆದು ಹಾಕಿದ. ಎಷ್ಟೋ ವರ್ಷದ ಮೇಲೆ ಸಂಶೋಧಕರು ಹುಡುಕಿದಾಗ ಆ ಸೈಟಿಂದ ಅತಿ ಹೆಚ್ಚು ಕಾಪಿ ಆದ ಜಾವಾ ತುಣುಕು ಅದೇ ಅಂತ ಗೊತ್ತಾಯ್ತು, ಸಾವಿರಾರು ಪ್ರಾಜೆಕ್ಟಲ್ಲಿತ್ತು. ಅದರಲ್ಲಿ ತಪ್ಪಿತ್ತು, 9,99,999 ಬೈಟ್ ಕೊಟ್ರೆ 1 ಮೆಗಾಬೈಟ್ ಅನ್ನೋ ಬದಲು 1000 ಕಿಲೋಬೈಟ್ ಅನ್ನೋದು. ಬರೆದವನೇ ಆಮೇಲೆ ಒಪ್ಕೊಂಡು ಸರಿ ಮಾಡಿದ, ದೊಡ್ಡ ಮನುಷ್ಯ. ಆದ್ರೆ ಬಿಂದಿಗೆಲಿ ತಗೊಂಡು ಹೋದವರಿಗೆ ಯಾರು ಹೇಳೋರು. ಇನ್ನು ಬೈನರಿ ಸರ್ಚು, ಅಂದ್ರೆ ಜೋಡಿಸಿಟ್ಟ ಪಟ್ಟಿನ ಪ್ರತಿ ಸಲ ಅರ್ಧ ಮಾಡ್ತಾ ಹುಡುಕೋದು, ಮಧ್ಯದ ಜಾಗ ಸಿಗೋಕೆ ನಮ್ಮ ಎಲ್ಲ ಲ್ಯಾಬ್ ಮ್ಯಾನುಯಲಲ್ಲೂ ಲೋ ಮತ್ತು ಹೈ (ಹುಡುಕೋ ಭಾಗದ ಮೊದಲ, ಕೊನೇ ಜಾಗದ ನಂಬರು) ಕೂಡಿಸಿ ಎರಡರಿಂದ ಭಾಗಿಸು ಅಂತಲೇ ಇರೋದು. ಜಾವಾದ ಜೊತೆಗೇ ಬರೋ ತುಣುಕುಗಳ ಲೈಬ್ರರಿಲೂ ಹಂಗೇ ಇತ್ತು, ಸುಮಾರು ಒಂಬತ್ತು ವರ್ಷ ಯಾರಿಗೂ ಗೊತ್ತಾಗ್ಲಿಲ್ಲ, 2006ರಲ್ಲಿ ಅದನ್ನ ಬರೆದಿದ್ದ ಜಾಶುವಾ ಬ್ಲಾಕ್ ಅವರೇ ಇದು ತಪ್ಪು ಅಂತ ಜಗತ್ತಿಗೆ ಹೇಳಿದ್ರು. ಪಟ್ಟಿ ಬಹಳ ದೊಡ್ಡದಾದ್ರೆ ಎರಡೂ ಕೂಡಿಸಿದಾಗ 2,14,74,83,647 ದಾಟುತ್ತೆ, 32 ಬಿಟ್ಟಿನ ಇಂಟ್ ಚೆಲ್ಲಿ ಮೈನಸ್ ಆಗುತ್ತೆ. ಹೈನಿಂದ ಲೋ ಕಳೆದು ಅರ್ಧ ಮಾಡಿ ಲೋಗೆ ಕೂಡಿಸಿದ್ರೆ ಆಯ್ತು. ನಮ್ಮ ಟರ್ಬೊ ಸಿ ಫ್ಯಾಕ್ಟೋರಿಯಲ್ ಮಾಡಿದ ಚೇಷ್ಟೆನೇ ಇದು, ಪಾತ್ರೆ ಮಾತ್ರ ದೊಡ್ಡದು.

ಚಿಕ್ಕ ಪಾತ್ರೆಲೇ ಆದ ದೊಡ್ಡ ಅನಾಹುತ ಅರಿಯಾನ್ 5 ರಾಕೆಟ್ಟಿಂದು. 1996ರ ಜೂನ್ 4, ಫ್ರೆಂಚ್ ಗಯಾನಾದ ಕೂರೂ, ಮೊದಲನೇ ಹಾರಾಟ, ಮೇಲೆ ನಾಕು ಉಪಗ್ರಹ. ಹಾರಿ ನಲವತ್ತು ಸೆಕೆಂಡ್ ಆಗೋಷ್ಟರಲ್ಲಿ ದಿಕ್ಕು ತಪ್ಪಿ ಚೂರುಚೂರಾಯ್ತು. ಕಾರಣ ಹುಡುಕಿದ್ರೆ ದಿಕ್ಕು ತೋರಿಸೋ ಉಪಕರಣದ ಕೋಡಲ್ಲಿ ಒಂದು ಭಾಗ ಅರಿಯಾನ್ 4ರಿಂದ ಹಂಗೇ ತಂದಿದ್ದು. 64 ಬಿಟ್ಟಿನ ದಶಮಾಂಶ ಸಂಖ್ಯೆನ 16 ಬಿಟ್ಟಿನ ಪೂರ್ಣಸಂಖ್ಯೆಗೆ ಹಾಕ್ತಿತ್ತು. ಹಳೇ ರಾಕೆಟ್ಟಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗ್ತಿರ್ಲಿಲ್ಲ ಹಾಗಾಗಿ ಸರಿ ಇತ್ತು, ಹೊಸದು ಅಡ್ಡಡ್ಡಕ್ಕೆ ಹೆಚ್ಚು ವೇಗದಲ್ಲಿ ಹೋಗೋದು, 32,767 ದಾಟ್ತು. ನೆನಪಿದೆಯಲ್ಲ ಆ ನಂಬರ್. ಇದಕ್ಕಿಂತ ಹೊಟ್ಟೆ ಉರಿಯೋ ವಿಷ್ಯ ಅಂದ್ರೆ ಆ ಲೆಕ್ಕ ಅರಿಯಾನ್ 5ರಲ್ಲಿ ನೆಲ ಬಿಟ್ಟ ಮೇಲೆ ಬೇಕಾಗೇ ಇರ್ಲಿಲ್ಲ. ಬ್ಯಾಕಪ್ ಉಪಕರಣ ಇತ್ತಲ್ಲ ಅಂದ್ರೆ ಅದರಲ್ಲೂ ಅದೇ ಕೋಡು, ಅದೂ ಹಂಗೇ ಮಲಗ್ತು. ತುಣುಕು ಚೆನ್ನಾಗೇ ಬರೆದಿದ್ದು, ಪರೀಕ್ಷೆನೂ ಮಾಡಿದ್ದು, ವರ್ಷಗಟ್ಲೆ ಹಾರಿದ್ದು. ಹಳೇ ಊರಿನ ನಂಬಿಕೆ ಹೊಸ ಊರಲ್ಲಿ ನಡೆಯುತ್ತಾ ಅಂತ ಮಾತ್ರ ಯಾರೂ ಕೇಳಿರ್ಲಿಲ್ಲ.

ಇನ್ನು ಹತ್ತು ಸಾಲನ್ನೂ ಸ್ವಂತ ಬರೆಯದೆ ಕಾಪಿನೂ ಇಟ್ಕೊಳ್ಳದೆ ಪ್ರತಿ ಸಲ ಇಂಟರ್ನೆಟ್ಟಿಂದಲೇ ಎಳ್ಕೊಳ್ಳೋರ ಪಾಡು 2016ರ ಮಾರ್ಚಲ್ಲಿ ಎಲ್ರೂ ನೋಡಿದ್ರು, ಲೆಫ್ಟ್‌ಪ್ಯಾಡ್ ಅನ್ನೋ 11 ಸಾಲಿನ ತುಣುಕನ್ನ ಬರೆದವನು ಸಿಟ್ಟಲ್ಲಿ ಅಳಿಸಿದ್ದಕ್ಕೆ ಜಗತ್ತಿನಾದ್ಯಂತ ದೊಡ್ಡ ದೊಡ್ಡವರ ಪ್ರಾಜೆಕ್ಟ್ ಬಿಲ್ಡ್ ಆಗದೆ, ಅಂದ್ರೆ ಸಾಫ್ಟ್‌ವೇರ್ ತಯಾರಾಗದೆ ನಿಂತ್ವು. ಪದದ ಎಡಗಡೆ ಖಾಲಿ ಜಾಗ ಹಾಕೋದಷ್ಟೆ ಅದರ ಕೆಲಸ.

ಹಾಗಾಗಿ ನಮ್ಮ ಡಬ್ಬಿಲಿ ಪ್ರತಿ ತುಣುಕಿನ ತಲೆ ಮೇಲೆ ಚೀಟಿ ಇರಲೇಬೇಕು. ಎಲ್ಲಿಂದ ಬಂತು, ಯಾವತ್ತು ಇಟ್ಟಿದ್ದು, ಏನು ನಂಬ್ಕೊಂಡಿದೆ, ಎಲ್ಲಿ ಕೈ ಕೊಡುತ್ತೆ. ಅಮ್ಮನೂ ಇದನ್ನೇ ಮಾಡೋದು, ಡಬ್ಬಿ ಮೇಲೆ ಬ್ಯಾಡಗಿದು ಗುಂಟೂರಿದು ಅಂತ ಬರೆದಿಡ್ತಾರೆ, ಇಲ್ಲಾಂದ್ರೆ ಒಂದು ದಿನ ಸಾರು ಕುಡಿದು ಎಲ್ರೂ ಕಿವೀಲಿ ಹೊಗೆ ಬಿಡಬೇಕಾಗುತ್ತೆ. ಚಂದ್ರಶೇಖರಪ್ಪನವರ ತುಣುಕಿನ ಮೇಲೆ 'ಕನ್ನಡಕ್ಕೆ ಆಗಲ್ಲ, ಇಂಗ್ಲಿಷಿಗೆ ಮಾತ್ರ' ಅಂತ ಈಗಲೂ ಇದೆ. ಎಲ್ಲಿಂದ ಬಂತು ಅಂತ ಬರೆಯೋಕೆ ಇನ್ನೊಂದು ಕಾರಣನೂ ಇದೆ, ಸ್ಟ್ಯಾಕ್ ಓವರ್‌ಫ್ಲೋದಲ್ಲಿರೋದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿದೆ, ಬರೆದವರ ಹೆಸರು ಹೇಳಬೇಕು ಅನ್ನೋ ಷರತ್ತಿದೆ. ಎಷ್ಟು ಜನ ಹೇಳ್ತಾರೋ ದೇವರೇ ಬಲ್ಲ.

ಈಗ ಎಐ ಇದೆಯಲ್ಲ, ಡಬ್ಬಿ ಯಾಕೆ ಅಂತ ನನ್ನ ಹುಡುಗ್ರೇ ಕೇಳ್ತಾರೆ. ನಾನೂ ಉಪಯೋಗಿಸ್ತೀನಿ, ಬೇಡ ಅನ್ನಲ್ಲ. ಆದ್ರೆ ಅದು ಕೊಡೋ ತುಣುಕಿನ ಜೊತೆ ಚೀಟಿ ಬರಲ್ಲ, ಯಾವ ಊರಿಂದ ಬಂತು ಅಂತ ಅದಕ್ಕೇ ಗೊತ್ತಿರಲ್ಲ. ಹಿಂದೆ ಒಂದು ಸಲ ದುಡ್ಡು ರೌಂಡ್ ಮಾಡೋಕೆ ಕೇಳಿದೆ, ಅದೇ ನೂರರಿಂದ ಗುಣಿಸೋದನ್ನೇ ಕೊಡ್ತು, ಹಳೇ ಸ್ನೇಹಿತ ಸಿಕ್ಕಿದ ಹಾಗಾಯ್ತು.

ಕೊನೆಗೆ ಕಾಲೇಜಿನವರಿಗೆ ಒಂದು ಕೋರಿಕೆ, ಅದಕ್ಕೇ ಈ ಪತ್ರ ಬರೆಯೋಕೆ ಕೂತಿದ್ದು. ರೆಕಾರ್ಡ್ ಬರೆಸೋದು ನಿಲ್ಲಿಸಿ. ಅದರ ಬದಲು ಮೊದಲನೇ ಸೆಮಿಸ್ಟರಿಂದ ಪ್ರತಿ ಹುಡುಗ ಹುಡುಗಿಗೂ ಸ್ವಂತ ಡಬ್ಬಿ ಮಾಡೋಕೆ ಹೇಳಿ, ಲ್ಯಾಬ್ ಪರೀಕ್ಷೆಗೆ ಅದನ್ನ ತರೋಕೆ ಬಿಡಿ, ನೋಡ್ಕೊಂಡೇ ಮಾಡಲಿ. ವೈವಾದಲ್ಲಿ ಎಕ್ಸಾಮಿನರ್ ಆ ಡಬ್ಬಿಯಿಂದ ಕಣ್ಮುಚ್ಚಿ ಒಂದು ತುಣುಕು ತೆಗೆದು ಎರಡೇ ಪ್ರಶ್ನೆ ಕೇಳಲಿ, ಇದು ಎಲ್ಲಿಂದ ತಂದೆ, ಏನು ಕೊಟ್ರೆ ಇದು ಮುರಿಯುತ್ತೆ. ಎರಡನೇದಕ್ಕೆ ಉತ್ತರ ಹೇಳಿದವರಿಗೆ ಪೂರ್ತಿ ಮಾರ್ಕ್ಸ್ ಕೊಡಿ, ಬೇರೆಯವರದ್ದು ಕಾಪಿ ಮಾಡಿ ತಂದಿದ್ರೂ ಪರವಾಗಿಲ್ಲ. ಮುರಿಯೋದು ಎಲ್ಲಿ ಅಂತ ಗೊತ್ತಿದ್ರೆ ಅದು ಆಗ್ಲೇ ಅವನದ್ದಾಯ್ತು. ನಿಮ್ಮ ನಿವೃತ್ತ ಉಪನ್ಯಾಸಕರೂ ಒಂದು ದಿನ ನಮ್ಮ ಕಡೆ ಬಂದ್ರೆ ಡಬ್ಬಿ ತೆರೆದು ತೋರಿಸ್ತೀನಿ, ಅವರು ಯಾವುದಾದ್ರೂ ಎರಡು ಮುರಿದು ಕೊಟ್ರೆ ನನಗೇ ಲಾಭ.

ಹೆಸರು ಹಾಕಬೇಡಿ ಸರ್, ಊರು ಸಾಕು. ಆ ಮಂಡಿ ಯಜಮಾನ್ರಿಗೆ ಎರಡು ಪೈಸೆ ಕಥೆ ಇನ್ನೂ ಗೊತ್ತಿಲ್ಲ, ಶಾನುಭೋಗ್ರು ಹೇಳಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ, ಶಿವಮೊಗ್ಗ